ಮೈತ್ರಿ ಡೊಳ್ಳು ಬಾರಿಸಿದ ದಿನ

ಅಕ್ಕಾ,

ನಿನ್ನ ಮಗಳ ಎಡ ಅಂಗೈಯಲ್ಲಿ ಗುಳ್ಳೆ ಎದ್ದಿದೆ. ಬೆರಳ ತುದಿಯಲ್ಲಲ್ಲ, ಅಂಗೈಯಲ್ಲಿ. ಪಿಟೀಲಿನ ತಂತಿ ಒತ್ತಿ ಒತ್ತಿ ನಿನ್ನ ಬೆರಳ ತುದಿಗಳು ಜಡ್ಡುಗಟ್ಟಿದ್ದನ್ನು ನೋಡುತ್ತಲೇ ಬೆಳೆದವಳು ನಾನು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಅವಳ ಕೈಗೆ ಕೊಬ್ಬರಿ ಎಣ್ಣೆ ಸವರುತ್ತಾ ಕೂತಿದ್ದಾಗ, ಈ ಸಂಗತಿ ಬೇರೆ ಯಾರಿಂದಲೋ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳಿಬಿಡಬೇಕು ಅನಿಸಿತು. ಬೇರೆ ಯಾರು ಬಂದು ಹೇಳ್ತಾರೇ ಹುಚ್ಚೀ, ಅಂತ ನಗಬೇಡ. ಅನಿಸಿತು, ಅಷ್ಟೇ.

ಆಸ್ಪತ್ರೆಯ ಆ ಕೊನೆಯ ವಾರ ನೀನು ಮಾತಾಡಿದ್ದೇ ಕಡಿಮೆ. ಒಂದು ಮಧ್ಯಾಹ್ನ ಭಾವ ಔಷಧಿ ತರಲು ಕೆಳಗೆ ಹೋಗಿದ್ದರು, ಅಮ್ಮ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ನೀನು ನನ್ನನ್ನು ಹತ್ತಿರ ಕರೆದು, "ಮೈತ್ರಿ ಪಿಟೀಲು ಬಿಡದ ಹಾಗೆ ನೋಡ್ಕೊಳ್ಳೇ ಸುಧಾ," ಅಂದೆ. "ಆಯ್ತು ಕಣೇ, ನೋಡ್ಕೋತೀನಿ. ನೀನೇ ಮನೆಗೆ ಬಂದು ಹೇಳ್ಕೊಡುವಂತೆ," ಅಂದೆ ನಾನು. ಎರಡನೆಯ ಮಾತು ಸುಳ್ಳು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಮೊದಲನೆಯದನ್ನು ಮಾತ್ರ ಮನಸ್ಸಿಟ್ಟೇ ಹೇಳಿದ್ದೆ. ಆ ಹೊತ್ತಿನಲ್ಲಿ ನೀನು ಏನು ಕೇಳಿದ್ದರೂ ನಾನು...

ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆ ಸಂಜೆಯಾದರೆ ನಿನ್ನದು. ಮದುವೆಯಾಗಿ ವಿಜಯನಗರಕ್ಕೆ ಹೋದ ಮೇಲೂ ಪಾಠ ಹೇಳಲು ತವರಿಗೇ ಬರುತ್ತಿದ್ದೆಯಲ್ಲ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಚಾಪೆಯ ಮೇಲೆ ಮಕ್ಕಳ ಸಾಲು, ಮೂಲೆಯ ತೊಟ್ಟಿಲಲ್ಲಿ ಆ ಕುಯ್ಯೋ ಮರ್ರೋ ಸದ್ದಿನ ನಡುವೆಯೇ ನಿದ್ದೆ ಹೋದ ಮೈತ್ರಿ. ನಾನು ಲ್ಯಾಬಿನ ಕೆಲಸ ಮುಗಿಸಿ ಬಂದು, ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ, "ಇದು ಯಾವ ರಾಗನೇ?" ಅಂತ ಕೇಳಿದರೆ, "ನಿನ್ನ ಕಿವಿ ಇರೋದು ಓಲೆ ಹಾಕ್ಕೊಳ್ಳೋಕೆ. ಸುಮ್ನೆ ಕಾಫಿ ಕುಡಿ," ಅನ್ನುತ್ತಿದ್ದೆ. ಮಕ್ಕಳೆಲ್ಲ ಕಮಾನು ಕೆಳಗಿಟ್ಟು ನಗುತ್ತಿದ್ದರು. ಸಂಗೀತವೆಲ್ಲ ನಿನ್ನ ಪಾಲು, ಗ್ಯಾಸು, ಕರೆಂಟು, ಅಮ್ಮನ ಬಿಪಿ ಮಾತ್ರೆ ನನ್ನ ಪಾಲು. ಯಾರೂ ಕೂತು ಹಂಚಿರಲಿಲ್ಲ, ಹಾಗೆ ಆಗಿಹೋಗಿತ್ತು.

ನೀನು ಹೋದ ದಿನ ಮೈತ್ರಿ ಅಳಲಿಲ್ಲ. ಬಂದವರಿಗೆಲ್ಲ ನೀರು ತಂದುಕೊಟ್ಟಳು. "ಎಷ್ಟು ಗಟ್ಟಿ ಮಗು," ಅಂತ ಜನ ಹೊಗಳಿದರು. ವೈಕುಂಠ ಸಮಾರಾಧನೆಯ ದಿನವೂ ಅಳಲಿಲ್ಲ, ಭಾವನೂ ಅವಳೂ ವಿಜಯನಗರದ ಮನೆ ಖಾಲಿ ಮಾಡಿ ನಮ್ಮ ಮಹಡಿಗೆ ಬಂದ ದಿನವೂ ಅಳಲಿಲ್ಲ. ಬಡಿಸಿದ್ದನ್ನು ತಿಂದಳು, ಹೋಂವರ್ಕ್ ಮಾಡಿದಳು, ಮಾತುಮಾತಿಗೆ "ಥ್ಯಾಂಕ್ಸ್ ಚಿಕ್ಕಮ್ಮ", "ಸಾರಿ ಚಿಕ್ಕಮ್ಮ". ನೆಂಟರ ಮನೆಯಲ್ಲಿ ಉಳಿದುಕೊಂಡ ಮಗು ಹೇಗಿರುತ್ತದೆ, ಹಾಗೆ. ಕಾಫಿ ಬೇಕು ಅಂತ ನೆಲದ ಮೇಲೆ ಉರುಳಾಡುತ್ತಿದ್ದ ನಿನ್ನ ಮಗಳೇ ಇವಳು? ನಿನ್ನ ಮಾತು ಬಂದರೆ ಎದ್ದು ಹೋಗುತ್ತಿರಲಿಲ್ಲ, ಮುಖ ತಿರುಗಿಸುತ್ತಿರಲಿಲ್ಲ. ಕೈಕಟ್ಟಿ ಕೂತು, ನಾವು ಕಣ್ಣು ಒರೆಸಿಕೊಂಡು ಮುಗಿಸುವ ತನಕ ಕಾಯುತ್ತಿದ್ದಳು. ಅದನ್ನು ನೋಡುವುದಕ್ಕಿಂತ ಅವಳು ಕಿರುಚಿದ್ದರೆ...

ಪಿಟೀಲನ್ನು ನಾನು ಬಿಡಿಸಲಿಲ್ಲ. ಎನ್.ಆರ್. ಕಾಲೋನಿಯಲ್ಲಿ ಒಬ್ಬ ಒಳ್ಳೆಯ ಮೇಷ್ಟರ ಹತ್ತಿರ ಸೇರಿಸಿದೆ. ತಪ್ಪದೆ ಹೋಗುತ್ತಿದ್ದಳು, ಮನೆಯಲ್ಲಿ ತಪ್ಪದೆ ಸಾಧಕ ಮಾಡುತ್ತಿದ್ದಳು. ಒಂದು ಸಂಜೆ ಪಾಠ ಮುಗಿದ ಮೇಲೆ ಮೇಷ್ಟರು ನನ್ನ ಜೊತೆ ಗೇಟಿನ ತನಕ ಬಂದು, "ಬೆರಳೆಲ್ಲ ಸರಿಯಾಗೇ ಬೀಳುತ್ತಮ್ಮ. ಶ್ರುತಿ ತಪ್ಪಲ್ಲ, ತಾಳ ತಪ್ಪಲ್ಲ. ಆದ್ರೆ ಮಗು ಇಲ್ಲಿಲ್ಲ. ಎಲ್ಲೋ ಇದೆ," ಅಂದರು. ಸಂಗೀತದ ಗಂಧವಿಲ್ಲದ ನನಗೂ ಅದು ಚೆನ್ನಾಗಿ ಅರ್ಥವಾಯಿತು. ಊಟಕ್ಕೆ ಕೂತಾಗಲೂ ಅವಳು ಅಲ್ಲಿರುತ್ತಿರಲಿಲ್ಲ.

ನಿನ್ನ ಮೊದಲ ಶಿಷ್ಯೆಯರಲ್ಲಿ ಒಬ್ಬಳಾದ ರೂಪ, ಈಗ ಮಲ್ಲೇಶ್ವರದಲ್ಲಿ ತಾನೇ ಪಾಠ ಹೇಳುತ್ತಾಳೆ, ಒಂದು ದಿನ ಮನೆಗೆ ಬಂದಳು. "ಬಸವನಗುಡೀಲಿ ಒಂದು ಸ್ಕೂಲ್ ಗ್ರೌಂಡಲ್ಲಿ ಭಾನುವಾರ ಇಡೀ ದಿನ ಹಬ್ಬ ಇದೆ ಅಕ್ಕ. ಹಾಡು, ಕುಣಿತ, ನಾಟಕ, ಚಿತ್ರ, ಎಲ್ಲಾ ಹೆಂಗಸರದ್ದೇ. ಮನೆಮಂದಿ ಎಲ್ಲಾ ಬರ್ಬಹುದು, ಮಕ್ಕಳಿಗಂತೂ ತುಂಬಾ ಇದೆ. ಮಧ್ಯಾಹ್ನ ಮಿಸ್ ನೆನಪಿಗೆ ನಾವು ಹಳೇ ಸ್ಟೂಡೆಂಟ್ಸೆಲ್ಲ ಸೇರಿ ನುಡಿಸ್ತೀವಿ. ಮೈತ್ರಿ ನಡುವೆ ಕೂರಬೇಕು. ಮಿಸ್ ಪಿಟೀಲಲ್ಲೇ ನುಡಿಸ್ಬೇಕು," ಅಂದಳು. ಅಮ್ಮನ ಕಣ್ಣು ತುಂಬಿತು. ನಿನಗಿಷ್ಟವಾದ ರೀತಿಗೌಳ ರಾಗವೇ ಅಂತ ಅಲ್ಲೇ ಗೊತ್ತುಮಾಡಿದರು. ಮೈತ್ರಿಯನ್ನು ಕೇಳಿದೆವು. "ಸರಿ," ಅಂದಳು. ಅವಳು ಯಾವುದಕ್ಕೆ ಸರಿ ಅಂದಿರಲಿಲ್ಲ, ಹೇಳು?

ಆ ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಒಂದೇ ಆಟೋದಲ್ಲಿ ಒತ್ತಿಕೊಂಡು ಕೂತು ಹೋದೆವು. ಪಿಟೀಲಿನ ಪೆಟ್ಟಿಗೆ ಭಾವನ ತೊಡೆಯ ಮೇಲೆ, ಅಮ್ಮ ಮೈಸೂರು ಸಿಲ್ಕಿನಲ್ಲಿ. ಆ ಹಬ್ಬ ನಿನಗೆ ತುಂಬಾ ಇಷ್ಟವಾಗುತ್ತಿತ್ತು ಅಕ್ಕಾ. ವೇದಿಕೆಯ ಮೇಲೆ ಅಜ್ಜಿಯರ ಒಂದು ಗುಂಪು ಸೋಬಾನೆ ಹಾಡುತ್ತಿತ್ತು. ಅದರಲ್ಲೊಬ್ಬಳು ಹಾಡನ್ನು ನಡುವೆ ನಿಲ್ಲಿಸಿ, ಮೈಕಿನಲ್ಲೇ, "ಆ ಕೂಸಿಗೆ ಬಿಸ್ಲು ಹೊಡೀತಿದೆ, ನೆರಳಿಗೆ ಕರ್ಕೊಳ್ರಪ್ಪಾ," ಅಂದು, ಮತ್ತೆ ಅದೇ ಸಾಲಿನಿಂದ ಎತ್ತಿಕೊಂಡಳು. ಕೂಸುಗಳೆಲ್ಲ ಅಪ್ಪಂದಿರ ಹೆಗಲ ಮೇಲಿದ್ದವು, ಅಮ್ಮಂದಿರು ವೇದಿಕೆಯ ಹಿಂದೆ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದರು. ಜಮಖಾನದ ಮೇಲೆ ಒಂದಿಷ್ಟು ಮಕ್ಕಳು ಹೊಟ್ಟೆ ಅಡಿಮಾಡಿ ಮಲಗಿ ಬಣ್ಣ ಬಳಿಯುತ್ತಿದ್ದವು, ಒಂದು ಮಗು ಬಣ್ಣದ ತಟ್ಟೆಯ ಪಕ್ಕದಲ್ಲೇ ನಿದ್ದೆ ಹೋಗಿತ್ತು. ಚುರುಮುರಿಯವನ ಮುಂದೆ ಭರತನಾಟ್ಯದ ವೇಷದ ಹುಡುಗಿಯರ ಸಾಲು. ಇಂಥ ಕಡೆ ನೀನು ಕಾಲು ಚಾಚಿ ಕೂತು ಎಲ್ಲದಕ್ಕೂ ತಲೆದೂಗುತ್ತಿದ್ದೆ, ಅಲ್ಲವಾ?

ಎರಡು ಮರಗಳ ನಡುವೆ ಒಂದು ಉದ್ದನೆಯ ಬಿಳಿ ಬಟ್ಟೆ ಕಟ್ಟಿದ್ದರು. ಬಂದವರು ತಮ್ಮ ಮನೆಯ ಹೆಣ್ಣುಮಗಳೊಬ್ಬಳ ಹೆಸರು ಅದರ ಮೇಲೆ ಬರೆಯಬೇಕು. ಭಾವ ಬ್ರಷ್ಷು ತೆಗೆದುಕೊಂಡು, ನೀಲಿ ಬಣ್ಣದಲ್ಲಿ ನಿನ್ನ ಹೆಸರು ಬರೆದರು. ಕೊನೆಯ ಅಕ್ಷರದಿಂದ ಬಣ್ಣ ಸೋರಿ ಕೆಳಗಿಳಿಯಿತು. ಪಕ್ಕದಲ್ಲಿ ನಿಂತಿದ್ದ ಮೈತ್ರಿ ಅದನ್ನು ನೋಡಿ, "ಸೋರ್ತಿದೆ ಅಪ್ಪಾ, ಒರೆಸ್ಬಿಡು," ಅಂದಳು. ಅಷ್ಟೇ. ಭಾವ ಕರವಸ್ತ್ರ ತೆಗೆದು ಒರೆಸಿದರು. ನಾನು ಚುರುಮುರಿ ತರುವ ನೆಪ ಮಾಡಿ ಆ ಕಡೆ ತಿರುಗಿಕೊಂಡೆ.

ಡೊಳ್ಳಿನ ಸದ್ದು ಕೇಳಿದ್ದು ಆಗಲೇ. ಗ್ರೌಂಡಿನ ಆ ತುದಿಯಲ್ಲಿ ಹೆಂಗಸರ ಒಂದು ಡೊಳ್ಳಿನ ತಂಡವಿತ್ತು. ಸೆರಗು ಸೊಂಟಕ್ಕೆ ಬಿಗಿದು, ಹೊಟ್ಟೆಯ ಮುಂದೆ ಅಷ್ಟು ದೊಡ್ಡ ಡೊಳ್ಳು ಕಟ್ಟಿಕೊಂಡು ಕುಣಿಯುತ್ತಿದ್ದರು, ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಮುಂದೆ ನಿಂತಿದ್ದವರು ಗೌರಮ್ಮ. ಶ್ರೀರಾಂಪುರದವರು, ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು ಅಂತ ಆಮೇಲೆ ಗೊತ್ತಾಯಿತು. ಕುಣಿತ ಮುಗಿದ ಮೇಲೆ ಮಕ್ಕಳನ್ನು ಕರೆದು ಒಂದೊಂದು ಏಟು ಹಾಕಲು ಬಿಡುತ್ತಿದ್ದರು. ನಡೆದು ಹೋಗುತ್ತಿದ್ದ ಮೈತ್ರಿ ನಿಂತಳು. ಅವಳು ತಾನಾಗಿ ಎಲ್ಲಾದರೂ ನಿಂತದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತು!

"ಬಾ ಪುಟ್ಟಿ, ನೀನೂ ಹಾಕು," ಅಂದರು ಗೌರಮ್ಮ. ಒಂದು ಸಣ್ಣ ಡೊಳ್ಳನ್ನು ಅವಳ ಹೆಗಲಿಗೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದರು. ಮೈತ್ರಿ ಮೆಲ್ಲಗೆ ತಟ್ಟಿದಳು.

"ಇದೇನು, ಮಗು ತಟ್ಟಿ ಮಲಗಿಸ್ತಿದೀಯಾ? ಜೋರಾಗಿ ಹೊಡಿ. ಅದಕ್ಕೇನೂ ನೋಯಲ್ಲ."

ಇನ್ನೊಂದು ಏಟು. ಆಮೇಲೆ ಇನ್ನೊಂದು, ಅದಕ್ಕಿಂತ ಜೋರಾಗಿ. ಗೌರಮ್ಮ ಏನೋ ಹೇಳುತ್ತಿದ್ದರು, ಅವಳು ಕೇಳಿಸಿಕೊಳ್ಳಲಿಲ್ಲ. ಕೋಲಿನಿಂದ, ಅಂಗೈಯಿಂದ, ಕೋಲಿನಿಂದ, ಅಂಗೈಯಿಂದ, ಮೊದಲು ತಾಳವಿಲ್ಲದೆ, ಆಮೇಲೆ ಯಾವುದೋ ತಾಳ ಸಿಕ್ಕಿ. ನಾನು ನಗುತ್ತಾ ಫೋನು ತೆಗೆದೆ, ಫೋಟೋಗೆ. ಆಗ ಅವಳ ಮುಖ ಕಂಡಿತು. ಬಾಯಿ ತೆರೆದಿತ್ತು. ಕೆನ್ನೆಯೆಲ್ಲ ನೀರು. ಅವಳು ಅಳುತ್ತಿದ್ದಳು ಅಕ್ಕಾ, ದನಿ ತೆಗೆದು ಅಳುತ್ತಿದ್ದಳು, ಡೊಳ್ಳಿನ ಅಬ್ಬರದಲ್ಲಿ ಅದು ನಮಗೆ ಯಾರಿಗೂ ಕೇಳಿಸಿರಲಿಲ್ಲ.

"ನಿಲ್ಸೇ ಸುಧಾ ಅವಳನ್ನ, ಎಲ್ಲಾರೂ ನೋಡ್ತಿದಾರೆ," ಅಂತ ಅಮ್ಮ ನನ್ನ ತೋಳು ಹಿಡಿದು ತಳ್ಳಿದಳು. ನಾನು ಮುಂದೆ ಹೆಜ್ಜೆ ಇಟ್ಟೆ. ಗೌರಮ್ಮ ನನ್ನತ್ತ ನೋಡಿ, ಕೋಲು ಹಿಡಿದ ಕೈ ಎತ್ತಿ, ಬೇಡ ಅನ್ನುವ ಹಾಗೆ ಸನ್ನೆ ಮಾಡಿದರು. ಆಮೇಲೆ ತಮ್ಮ ತಂಡದವರಿಗೆ ಏನೋ ಕೂಗಿ ಹೇಳಿದರು. ಆ ಹೆಂಗಸರೆಲ್ಲ ಮತ್ತೆ ಡೊಳ್ಳು ಕಟ್ಟಿಕೊಂಡು ಬಂದು ಮೈತ್ರಿಯ ಸುತ್ತ ನಿಂತರು, ಅವಳಿಗೆ ಬೆನ್ನು ಮಾಡಿ, ಮುಖ ನಮ್ಮ ಕಡೆ ಮಾಡಿ. ಅವಳು ಹಿಡಿದಿದ್ದ ತಾಳವನ್ನೇ ಹಿಡಿದು ಬಾರಿಸತೊಡಗಿದರು. ನೋಡುವವರಿಗೆ ಅದೊಂದು ಹೊಸ ಕುಣಿತ. ಒಳಗೆ ಒಂದು ಮಗು ನಿಂತು ತನ್ನ ತಾಯಿಗಾಗಿ ಅಳುತ್ತಿದೆ ಅಂತ ಹೊರಗಿನ ಯಾರಿಗೂ ಗೊತ್ತಾಗದ ಹಾಗೆ ಅವರು ಗೋಡೆ ಕಟ್ಟಿದ್ದರು. ಭಾವ ಪಿಟೀಲಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ನಿಂತಲ್ಲೇ ನಿಂತಿದ್ದರು. ನಾನೂ ಅಷ್ಟೇ. ಆ ಗೋಡೆ ದಾಟಿ ಒಳಗೆ ಹೋಗುವ ಹಕ್ಕು ಆ ಹೊತ್ತಿನಲ್ಲಿ ನಮಗ್ಯಾರಿಗೂ ಇರಲಿಲ್ಲ ಅನಿಸಿತು.

ಸದ್ದು ನಿಂತು, ಹೆಂಗಸರು ದಾರಿ ಬಿಟ್ಟಾಗ ಮೈತ್ರಿ ಬೆವರಿನಲ್ಲಿ ತೊಯ್ದಿದ್ದಳು. ಗೌರಮ್ಮ ಅವಳಿಗೆ ನೀರು ಕುಡಿಸಿ, ತಮ್ಮ ಸೆರಗಿನಲ್ಲೇ ಅವಳ ಮುಖ ಒರೆಸಿದರು. ಏನು, ಎತ್ತ, ಯಾಕೆ ಅಂತ ಒಂದು ಮಾತು ಕೇಳಲಿಲ್ಲ. "ಕೈ ಚೆನ್ನಾಗಿದೆ ನಿಂದು," ಅಂದರು, ಅಷ್ಟೇ. ನಿನ್ನ ಮಗಳು ನನ್ನ ಹತ್ತಿರ ಬಂದು, "ಚಿಕ್ಕಮ್ಮ, ಹಸಿವಾಗ್ತಿದೆ," ಅಂದಳು. ಹಸಿವಾಗ್ತಿದೆ! ಚುರುಮುರಿ ತಿಂದಳು, ಇಡ್ಲಿ ತಿಂದಳು, ಮೇಲೆ ಅಮ್ಮನ ಕೈಯಲ್ಲಿದ್ದ ಸೌತೆಕಾಯಿ ಹೋಳನ್ನೂ ಕಿತ್ತುಕೊಂಡು ತಿಂದಳು.

ಮಧ್ಯಾಹ್ನ ರೂಪ ಕರೆಯಲು ಬಂದಾಗ ಮೈತ್ರಿಯ ಎಡಗೈ ಕೆಂಪಗೆ ಊದಿತ್ತು. ನಾನು ಆ ಕೈಯನ್ನೇ ನೆಪ ಮಾಡಿ ತಪ್ಪಿಸಬಹುದು ಅಂತ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು. "ನಾನು ನುಡಿಸಲ್ಲ ರೂಪಕ್ಕ. ಕೈ ನೋವಿಗಲ್ಲ. ನನಗೆ ಬೇಡ."

ಅಮ್ಮನಿಗೆ ಸಿಟ್ಟು ಬಂತು. "ಇದೇನೇ ಹೀಗಂತೀಯ? ನಿಮ್ಮಮ್ಮನ ನೆನಪಿಗೆ ಅಂತಾನೇ ಇಷ್ಟು ಜನ ಬಂದಿದಾರೆ. ಅವಳ ವಿದ್ಯೆ ಕಣೇ ಅದು. ನೀನೇ ಬಿಟ್ರೆ ಇನ್ಯಾರು..."

"ನಾನು ಕಮಾನು ಎತ್ತಿದ ತಕ್ಷಣ ಎಲ್ಲಾ ನನ್ನಲ್ಲಿ ಅಮ್ಮನ್ನ ಹುಡುಕ್ತಾರೆ ಅಜ್ಜಿ. ನೀನೂ ಹುಡುಕ್ತೀಯ, ಅಪ್ಪಾನೂ, ಚಿಕ್ಕಮ್ಮಾನೂ. ನನಗೆ ಗೊತ್ತಾಗುತ್ತೆ." ಅವಳ ದನಿ ಒಡೆಯಿತು. "ನಾನು ಎಲ್ಲಿ ಹುಡುಕ್ಲಿ ಹೇಳು?"

ಇದಕ್ಕೆ ನೀನಾದರೂ ಏನು ಹೇಳುತ್ತಿದ್ದೆ? ಅಷ್ಟು ಕಾಲ ನಾವು ಮೂವರೂ ಅವಳ ಬೆರಳುಗಳಲ್ಲಿ ನಿನ್ನ ಬೆರಳುಗಳನ್ನು ನೋಡುತ್ತಾ ಕೂತಿದ್ದೆವು. ಅವಳು ಪಾಪ, ನಮ್ಮ ದುಃಖಕ್ಕೆ ಸಂಜೆ ಸಂಜೆ ಪಿಟೀಲು ನುಡಿಸಿಕೊಂಡು ಬಂದಿದ್ದಳು. ಅವಳ ದುಃಖಕ್ಕೆ ಒಂದು ಜಾಗವೇ ಇರಲಿಲ್ಲ.

ಅಮ್ಮ ಎದ್ದು, ಭಾವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ರೂಪಳ ಕೈಗಿಟ್ಟಳು. "ನೀನು ನುಡಿಸಮ್ಮ ಇದನ್ನ. ಮಗು ನಮ್ಮ ಜೊತೆ ಕೂತು ಕೇಳ್ತಾಳೆ," ಅಂದಳು. ನಮ್ಮಮ್ಮ! ಹಟ ಹಿಡಿದರೆ ನೀನೂ ನಾನೂ ಸೇರಿ ಎಳೆದರೂ ಅಲುಗಾಡದ ನಮ್ಮಮ್ಮ.

ನಿನ್ನ ಶಿಷ್ಯೆಯರು ಸಾಲಾಗಿ ಕೂತು ನುಡಿಸಿದಾಗ ಮೈತ್ರಿ ನನಗೂ ಅಮ್ಮನಿಗೂ ನಡುವೆ ಕೂತಿದ್ದಳು. ಎಲ್ಲಾ ಪಿಟೀಲುಗಳ ನಡುವೆ ನಿನ್ನದನ್ನು ಅವಳು ಕಣ್ಣು ಮುಚ್ಚಿಯೇ ಗುರುತು ಹಿಡಿದಳು. "ಅದೇ ಚಿಕ್ಕಮ್ಮ, ಸ್ವಲ್ಪ ಗೊಗ್ಗರು ದನಿ ಇದೆ ನೋಡು, ಅದು ಅಮ್ಮಂದು," ಅಂತ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಗೊತ್ತಾಗಲಿಲ್ಲ, ಆದರೂ ಹೂಂ ಅಂದೆ. ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಭುಜದ ಮೇಲೆ ವಾಲಿತು. ಭಾರವಾಗಿತ್ತು. ನುಡಿಸಬೇಕಾದ ಜವಾಬ್ದಾರಿ ಇಲ್ಲದೆ ಬರೀ ಮಗಳಾಗಿ ಕೂತು ನಿನ್ನನ್ನು ಕೇಳಿದ್ದು ಅವಳು ಅದೇ ಮೊದಲು, ನೀನು ಹೋದ ಮೇಲೆ.

ಇನ್ನು ನಾನು ನಿನಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಮಾರನೆಯ ವಾರ ಎನ್.ಆರ್. ಕಾಲೋನಿಗೆ ಹೋಗಿ ಪಿಟೀಲು ಪಾಠ ನಿಲ್ಲಿಸಿ ಬಂದೆ. ಮೇಷ್ಟರು ಬೇಜಾರು ಮಾಡಿಕೊಳ್ಳಲಿಲ್ಲ. "ಬರಬೇಕು ಅನ್ಸಿದ ದಿನ ಬರ್ಲಿ, ಬಾಗಿಲು ತೆಗ್ದೇ ಇರುತ್ತೆ," ಅಂದರು. ನಿನ್ನ ಪಿಟೀಲು ಈಗ ರೂಪಳ ಹತ್ತಿರ ಇದೆ, ಸುಮ್ಮನೆ ಪೆಟ್ಟಿಗೆಯಲ್ಲಿ ಕೂತರೆ ದನಿ ಕಟ್ಟುತ್ತದಂತೆ. ಮೈತ್ರಿ ಭಾನುವಾರ ಭಾನುವಾರ ಶ್ರೀರಾಂಪುರಕ್ಕೆ ಹೋಗಿ ಗೌರಮ್ಮನವರ ತಂಡದ ಜೊತೆ ಡೊಳ್ಳು ಕಲಿಯುತ್ತಿದ್ದಾಳೆ. ಭಾವ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಪಾಠ ಮುಗಿಯುವ ತನಕ ಅಲ್ಲೇ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಾರೆ. "ಪಿಟೀಲಾದ್ರೆ ಪೆಟ್ಟಿಗೇಲಿ ಹೋಗುತ್ತೆ, ಈ ಗುಡಾಣಾನ ಯಾರು ಹೊರ್ತಾರೆ?" ಅಂತ ಅಮ್ಮ ಒಂದು ವಾರ ಗೊಣಗಿದಳು. ಆಮೇಲೆ ಒಂದು ದಿನ ನೋಡಿದರೆ, ಹಗ್ಗ ಸೊಂಟಕ್ಕೆ ಒತ್ತದಿರಲಿ ಅಂತ ಹಳೆಯ ಕಾಟನ್ ಸೀರೆ ಮಡಿಸಿ ಪಟ್ಟಿ ಹೊಲಿಯುತ್ತಾ ಕೂತಿದ್ದಳು.

ನಿನಗೆ ಕೊಟ್ಟ ಮಾತನ್ನು ನಾನು ಮುರಿದಿದ್ದೇನೆ, ಗೊತ್ತು. ಮುರಿಯುವ ಮುಂಚೆ ಎಷ್ಟೋ ಸಲ ಯೋಚನೆ ಮಾಡಿದೆ. ನೀನು ಕೇಳಿದ್ದು ಪಿಟೀಲನ್ನಾ, ಅಥವಾ ಮಗಳಲ್ಲಿ ಏನೋ ಒಂದು ಉಳಿಯಲಿ ಅಂತಲಾ? ಕೇಳೋಣವೆಂದರೆ ನೀನಿಲ್ಲ. ಇದ್ದ ಮಗುವಿನ ಮುಖ ನೋಡಿ ತೀರ್ಮಾನ ಮಾಡಿದೆ. ನಿನಗೆ ಬೇಜಾರಾಗಿದ್ದರೆ ಆಗಲಿ, ಬೈದುಕೋ. ನಿನ್ನ ಬೈಗುಳ ನನಗೆ ಹೊಸದಲ್ಲ.

ಮೊನ್ನೆ ಶುಕ್ರವಾರ ನಡೆದದ್ದನ್ನು ಕೇಳು. ಶ್ರೀರಾಂಪುರಕ್ಕೆ ಇನ್ನು ಮೇಲೆ ತಾನೊಬ್ಬಳೇ ಮೆಟ್ರೋದಲ್ಲಿ ಹೋಗುತ್ತೇನೆ ಅಂತ ಮೈತ್ರಿ ಶುರುಮಾಡಿದಳು. ನಾನು ಬೇಡ ಅಂದೆ. ಮೊದಲಾಗಿದ್ದರೆ "ಸರಿ ಚಿಕ್ಕಮ್ಮ" ಅನ್ನುತ್ತಿದ್ದಳು. ಈಗ ಕಾಲು ನೆಲಕ್ಕೆ ಅಪ್ಪಳಿಸಿ, "ಅಮ್ಮ ಇದ್ದಿದ್ರೆ ಕಳಿಸ್ತಿದ್ಲು!" ಅಂತ ಕಿರುಚಿ, ದಡದಡ ಮಹಡಿ ಹತ್ತಿ, ಬಾಗಿಲು ಹಾಕಿಕೊಂಡಳು. ಹಾಕಿದ ರಭಸಕ್ಕೆ ಕ್ಯಾಲೆಂಡರು ಕೆಳಗೆ ಬಿತ್ತು. ಕೊತ್ತಂಬರಿ ಬಿಡಿಸುತ್ತಿದ್ದ ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ಅಮ್ಮ ಇದ್ದಿದ್ರೆ, ಅಂದಳು. ಆ ಮಾತು ಅವಳ ಬಾಯಲ್ಲಿ ಬಂದದ್ದೇ ಮೊದಲ ಸಲ.

ನಾನು ಮೇಲೆ ಹೋಗಿ ಮುಚ್ಚಿದ ಬಾಗಿಲ ಹೊರಗೆ ನಿಂತು, "ಕಳಿಸ್ತಿರ್ಲಿಲ್ಲ ಕಣೇ. ನಿಮ್ಮಮ್ಮ ನನಗಿಂತ ಪುಕ್ಕಲು. ನಾನು ಕಾಲೇಜಿಗೆ ಹೋಗುವಾಗ ಬಸ್ ಸ್ಟಾಪ್ ತನಕ ಕಳ್ಳಿ ಥರ ಹಿಂದೆ ಹಿಂದೇನೇ ಬರ್ತಿದ್ಲು," ಅಂದೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಒಂದಿಷ್ಟು ತೆರೆಯಿತು.

"ನಿಜವಾಗ್ಲೂ?"

"ನಿಜವಾಗ್ಲೂ."

"ಇನ್ನೇನ್ ಮಾಡ್ತಿದ್ಲು?"

ನಾನು ಹೊಸ್ತಿಲ ಮೇಲೆ ಕೂತೆ. ಅವಳು ಒಳಗಿನಿಂದ ಬಂದು ಎದುರಿಗೆ ಕೂತಳು. ಅಡಿಗೆಮನೆಯಿಂದ ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ಬಿಟ್ಟಳು.

ಇಷ್ಟು ದಿನ ನಿನ್ನನ್ನು ಅವಳ ಮುಂದೆ ಹೂವು ಹಾಕಿದ ಫೋಟೋ ಮಾಡಿ ಇಟ್ಟಿದ್ದೆವು ಅಕ್ಕಾ, ಎಲ್ಲರೂ ಕೈಮುಗಿಯುವ ಹಾಗೆ. ಇನ್ನು ಹಾಗಿಲ್ಲ. ನಿನ್ನ ಪುಕ್ಕಲುತನ, ಮೂಗಿನ ತುದಿಯ ಕೋಪ, ಮೊದಲ ಕಛೇರಿಯ ದಿನ ಬಚ್ಚಲಮನೆಯಲ್ಲಿ ಕದ ಹಾಕಿಕೊಂಡು ಕೂತದ್ದು, ಭಾವನನ್ನು ನೋಡಲು ಹೋಗುವಾಗ ನನ್ನ ಸೀರೆ ಕದ್ದು ಉಟ್ಟುಕೊಂಡು ಹೋದದ್ದು, ಎಲ್ಲಾ ಹೇಳುತ್ತೇನೆ. ಒಂದನ್ನೂ ಮುಚ್ಚಿಡುವುದಿಲ್ಲ. ಅವಳು "ಇನ್ನೇನ್ ಮಾಡ್ತಿದ್ಲು?" ಅಂತ ಕೇಳುವಷ್ಟು ದಿನವೂ ಹೇಳುತ್ತೇನೆ. ಈ ಮಾತನ್ನು ಮಾತ್ರ ಮುರಿಯುವುದಿಲ್ಲ.

ನಿನ್ನ,
ಸುಧಾ